ಎದ್ದವರು ಆರಿಸಬೇಕು

ಟುಕು ಟುಕು ಎಂದು ಶುರುವಾಗಿ ಭರ್ರ್ ಎಂದು ಏರುವ ಸದ್ದು ಕೇಳಿದರೆ ನಮ್ಮ ಓಣಿಗೆ ಕರೆಂಟು ಬಂತೆಂದೇ ಅರ್ಥ. ರಾಣೆಬೆನ್ನೂರಿನ ನಮ್ಮ ಮನೆಯ ಎದುರಿಗೇ ಹಿಟ್ಟಿನ ಗಿರಣಿ. ಆ ಬೆಳಿಗ್ಗೆ ಗಿರಣಿಯ ಸದ್ದನ್ನೂ ಮೀರಿಸಿ ನಾನು ಪ್ರತಿಜ್ಞೆ ಮಾಡಿದೆ: “ಇನ್ನ ಮ್ಯಾಲೆ ನಮ್ಮ ರೋಬೋಟಿನ ರೇಡಿಯೋ ಸಾಯಂಗಿಲ್ಲ! ಸತ್ರ ನನ್ನ ಹೆಸ್ರು ಸುರೇಖಾ ಅಲ್ಲ!”

ಮರುದಿನ ಹಾವೇರಿಯಲ್ಲಿ ಕಾಲೇಜುಗಳ ರೋಬೋಟು ಕುಸ್ತಿ ಪಂದ್ಯ. ಹತ್ತು ಎಣಿಸುವಷ್ಟು ಹೊತ್ತು ಮಿಸುಕದೆ ನಿಂತರೆ ರೋಬೋಟು ಔಟ್. ಗೆಳತಿ ತಸ್ಲೀಮ್ ನಾಲ್ಕು ತಿಂಗಳು ಅರ ಹಿಡಿದು ಉಜ್ಜಿ ಅದಕ್ಕೆ ಕೈಗಳನ್ನು ಮಾಡಿದ್ದಳು. ನಾನು ಮಾಡಿದ ಹೊಟ್ಟೆಯದೇ ತಕರಾರು. ಚಕ್ರ ತಿರುಗಿದ ಕೂಡಲೇ ಒಳಗಿನ ರೇಡಿಯೋ ಕಣ್ಣು ಮುಚ್ಚುತ್ತಿತ್ತು. ರಿಮೋಟಿನ ಅಪ್ಪಣೆ ಕೇಳುವವರೇ ಇಲ್ಲ!

ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಅಜ್ಜಿ ಉಡಚವ್ವ ಕೇಳಿದಳು, “ಚಕ್ರಕ್ಕೂ ರೇಡಿಯೋಕ್ಕೂ ಒಂದ ಬ್ಯಾಟರಿ ಏನ?”

“ಹೂಂ.”

“ಎರಡು ಎತ್ತಿನ ನಡುವ ಕರು ಕಟ್ಟಿದ್ರ ಅದು ಉಪಾಸ ಬೀಳ್ತೈತವ್ವಾ. ಮೇವು ಬ್ಯಾರೆ ಹಾಕು.”

ಹಾಕಿದೆ! ರೇಡಿಯೋಗೆ ಬೇರೆ ಬ್ಯಾಟರಿ, ಬೇರೆ ಸ್ವಿಚ್ಚು. ವೈರಿಗೆ ಬೆಸುಗೆ, ಬೆಸುಗೆಗೆ ಟೇಪು, ಟೇಪಿನ ಮೇಲೆ ಅಂಟು. ಇನ್ನು ಉಳಿದ ಅಪಾಯ ಒಂದೇ, ಅಜ್ಜಿ. ಕರೆಂಟು ಉಳಿಸಲು ನಮ್ಮ ಮನೆಯಲ್ಲಿ ಆಕೆ ಮಾಡಿದ ಕಾನೂನು: “ಎದ್ದೋರು ಆರಿಸ್ಬೇಕು!” ಊಟದ ನಡುವೆ ಉಪ್ಪಿಗೆಂದು ಎದ್ದರೂ ಸರಿ, ಉಳಿದವರು ಕತ್ತಲಲ್ಲೇ ರೊಟ್ಟಿ ಹುಡುಕಬೇಕು.

“ನನ್ನ ಕರು ನೋಡ್ಬೇಕು” ಎಂದು ಅಜ್ಜಿ ಹಾವೇರಿಗೂ ಬಂದಳು. ಆಕೆಯನ್ನು ರೋಬೋಟಿನಿಂದ ಮೂವತ್ತು ಹೆಜ್ಜೆ ದೂರ ಕೂರಿಸಿದೆ. “ಇದರ ಸ್ವಿಚ್ ಮುಟ್ಟಿದ್ರ ನೋಡಜ್ಜಿ!”

ಅಖಾಡದ ಅಂಚಿನಲ್ಲಿ ಕುಳಿತು ರೇಡಿಯೋ ಹಚ್ಚಿದೆ. ಹಸಿರು ದೀಪ ಮಿನುಗಿತು. “ನೋಡ ತಸ್ಲೀಮ್, ಪ್ರಳಯ ಆದ್ರೂ ಇದು ಆರಂಗಿಲ್ಲ!” ಎಂದು ಠೀವಿಯಿಂದ ಎದ್ದೆ.

ಸೀಟಿ ಹೊಡೆದರು. ರೋಬೋಟು ಮಿಸುಕಲಿಲ್ಲ.

“ಒಂದು... ಎರಡು...”

ತಸ್ಲೀಮ್ ರಿಮೋಟು ಒತ್ತಿದಳು, ಕುಲುಕಿದಳು, ಗುದ್ದಿದಳು. ನಾನು ಅಜ್ಜಿಯತ್ತ ದುರುಗುಟ್ಟಿ ನೋಡಿದೆ. ಆಕೆ ಎರಡೂ ಕೈ ಮೇಲೆತ್ತಿ, “ನಾ ಇಲ್ಲೇ ಕುಂತೇನಿ!” ಎಂದಳು.

“...ಹತ್ತು!”

ತಸ್ಲೀಮ್ ರೋಬೋಟನ್ನು ಅಂಗಾತ ಮಲಗಿಸಿ ನೋಡಿದಳು. ಬೆಸುಗೆ ಗಟ್ಟಿ, ಬ್ಯಾಟರಿ ಭರ್ತಿ, ಸ್ವಿಚ್ಚು ಆರಿದೆ!

“ಯಾರು ಆರಿಸಿದ್ರು?” ಅರಚಿದೆ.

ಮೂವತ್ತು ಹೆಜ್ಜೆ ಆಚೆಯಿಂದ ತಣ್ಣಗೆ ಬಂತು: “ಎದ್ದಾಕಿ ಯಾರು?”

ಊರಿಗೆ ಮರಳುವಾಗ ಮೋಟೆಬೆನ್ನೂರು ದಾಟುವವರೆಗೂ ತಸ್ಲೀಮ್ ಬಸ್ಸಿನ ಕಿಟಕಿಯೊಂದಿಗೇ ಮಾತಾಡಿದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. “ಬರೋ ವರ್ಷ ಸ್ವಿಚ್ ಅಜ್ಜಿ ಕೈಯಾಗ. ನೀ ದೂರ ಕುಂದ್ರು!”

ಒಪ್ಪಿದ್ದೇನೆ. ನಾನೂ ಬಹಳ ಸುಧಾರಿಸಿದ್ದೇನೆ. ಅಗೋ, ಗಿರಣಿ ಶುರುವಾಯಿತು, ಮೇಜಿನ ದೀಪವೂ ಹತ್ತಿತು. ಎದ್ದು ಬ್ಯಾಟರಿ ಚಾರ್ಜಿಗೆ ಹಚ್ಚಿ ಬಂದು ಇದನ್ನು ಬರೆದು ಮುಗಿಸುತ್ತೇನೆ. ನೀವೇ ನೋಡಿ, ಈ ಸಲ ಎದ್ದರೂ ದೀಪ ಆರಿ