ಬಂಪರಿಗೆ ಎಣ್ಣೆಸ್ನಾನ

ಇಡೀ ರೋಣ ತಾಲೂಕಿನಲ್ಲಿ ಕಾರಿನ ಬಂಪರಿಗೆ ಎಣ್ಣೆಸ್ನಾನ ಮಾಡಿಸಿದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಒಬ್ಬನೇ! ತನ್ನ ತಲೆ ನೆರೆತರೆ ಅವನಿಗೆ ಚಿಂತೆಯಿಲ್ಲ, ಬಂಪರು ನೆರೆತರೆ ಮಾತ್ರ ಊಟ ಸೇರುವುದಿಲ್ಲ.

ಗಜೇಂದ್ರಗಡದಲ್ಲಿ ಬಾಡಿಗೆಗೆ ಓಡಿಸುವ ಅವನ ಹಳೇ ಬಿಳಿ ಕಾರಿಗೆ ಹಿಂದೆ ಮುಂದೆ ಕಪ್ಪು ಪ್ಲಾಸ್ಟಿಕ್ ಬಂಪರು, ಬಾಗಿಲುಗಳಿಗೆ ಕಪ್ಪು ಪಟ್ಟಿ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ? ಎಮ್ಮೆಯನ್ನೂ ಬಿಳಿ ಮಾಡೀತು! ಆ ಕಪ್ಪೆಲ್ಲ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ಅತ್ತೆ ತೀರಿಕೊಂಡು ಮಾಮಾ ಒಂಟಿಯಾಗಿದ್ದ. ಅವನಿಗೆ ಇನ್ನೊಂದು ಮದುವೆ ಮಾಡಿಸಲೇಬೇಕೆಂದು ಅವನ ಅಕ್ಕ, ಅಂದರೆ ನಮ್ಮವ್ವ, ಹಟ ಹಿಡಿದಳು. ಕತ್ತಲೆ ಮನೆಯ ಬೀಗ ತೆಗೆದು ಒಳಗೆ ಹೋಗುವುದು ಮಾಮಾನಿಗೂ ಸಾಕಾಗಿತ್ತು. ಆದರೆ ಒಂದು ಷರತ್ತು.

“ಮೊದ್ಲ ಬಂಪರ್ ಕರ್ರಗಾಗ್ಲಿ, ಆಮ್ಯಾಲೆ ಹೆಣ್ಣು ನೋಡೂಣು.”

“ಹೆಣ್ಣಿನವ್ರು ನಿನ್ನ ನೋಡ್ತಾರೋ, ಬಂಪರ್ ನೋಡ್ತಾರೋ?” ಎಂದಳು ಅವ್ವ.

“ನನ್ನ ಮಾರಿ ನೋಡಿದ್ರ ಆಗೂದು ಅಷ್ಟರಾಗ ಐತಿ ಅಕ್ಕಾ. ಬಂಪರ್ ಆದ್ರೂ ಚಲೋ ಇರ್ಲಿ!”

ಮೊದಲು ಹೆಣ್ಣು ನೋಡಲು ಸೂಡಿ ಊರಿಗೆ ಹೊರಟಾಗ ಬಂಪರಿಗೆ ಶೇಂಗಾ ಎಣ್ಣೆ ಹಚ್ಚಿ ಮಿಂಚಿಸಿದ. ಒಳಗೆ ನಾವು ಚಹಾ ಕುಡಿಯುತ್ತಿದ್ದರೆ ಹೊರಗೆ ಓಣಿಯ ನಾಯಿಗಳೆಲ್ಲ ಬಂಪರು ನೆಕ್ಕುತ್ತ ಜಗಳ ತೆಗೆದವು. ಆ ಗದ್ದಲದಲ್ಲಿ ಮಾತುಕತೆ ಯಾರಿಗೆ ಕೇಳಿಸಬೇಕು? ಮಾಮಾ ಹೆಣ್ಣು ನೋಡುವುದು ಬಿಟ್ಟು ಕಲ್ಲು ಹುಡುಕಲು ಎದ್ದ!

ನರಗುಂದಕ್ಕೆ ಹೋಗುವಾಗ ಎಣ್ಣೆಯ ಸಹವಾಸ ಬೇಡವೆಂದು ಬೂಟ್ ಪಾಲಿಶ್ ತಿಕ್ಕಿದ. ಹೆಣ್ಣಿನ ತಂದೆ ನಮ್ಮನ್ನು ಕಳಿಸಲು ಬಂದವರು ಮಾತಾಡುತ್ತ ಬಂಪರಿಗೆ ಒರಗಿ ನಿಂತರು. ಅವರು ತಿರುಗಿ ಮನೆಯತ್ತ ನಡೆದಾಗ ಬಿಳಿ ಧೋತರದ ಮೇಲೆ ನಮ್ಮ ಬಂಪರಿನ ಪೂರ್ತಿ ನಕ್ಷೆ! ಅವ್ವ ತಲೆ ಚಚ್ಚಿಕೊಂಡಳು. ಮಾಮಾ ಮಾತ್ರ ನನ್ನ ಕಿವಿಯಲ್ಲಿ, “ಹ್ಯಾಂಗ ಕರ್ರಗ ಹತ್ತೇತಿ ನೋಡಲೇ!” ಎಂದ.

ಕೊನೆಗೆ ಹೊಳೆಆಲೂರಿನ ಸಂಬಂಧ ಬಂತು. ಗಂಡನನ್ನು ಕಳೆದುಕೊಂಡು ಹೊಲಿಗೆ ಕೆಲಸ ಮಾಡಿಕೊಂಡಿದ್ದ ಹೆಣ್ಣುಮಗಳು. ಅಲ್ಲಿಯ ರೈಲು ಸ್ಟೇಷನ್ನಿಗೆ ಬಾಡಿಗೆ ಹೋದಾಗ ಮಾಮಾ ಒಮ್ಮೆ ಅವಳ ಹತ್ತಿರ ಹರಿದ ಅಂಗಿಯ ಕಿಸೆ ಹೊಲಿಸಿಕೊಂಡು ಬಂದಿದ್ದ. ಅಂದಿನಿಂದ ಆ ಅಂಗಿ ಒಗೆಯಲು ಹಾಕಿರಲಿಲ್ಲ! ಇದೊಂದು ತಪ್ಪಿದರೆ ಅವನು ಮತ್ತೆ ಯಾವ ಊರಿಗೂ ಹೊರಡುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಪೇಂಟರ್ ಚಾಚಾನ ಅಂಗಡಿಯಲ್ಲಿ ಬಿಸಿಗಾಳಿ ಊದುವ ಮಷೀನು ಹಿಡಿದು ನಿಂತ. ಗಾಳಿ ಸೋಕಿದಲ್ಲೆಲ್ಲ ಬೂದಿ ಹೋಗಿ, ಹೊಸದರಲ್ಲಿದ್ದ ಕಪ್ಪೇ ಮೇಲೆದ್ದು ಬಂತು! ನಾಯಿ ನೆಕ್ಕುವಂತಿಲ್ಲ, ಧೋತರಕ್ಕೆ ಹತ್ತುವಂತಿಲ್ಲ. ಮಾಮಾ ಅಲ್ಲೇ ಕುಣಿದ. ಕಾರಿನ ಬಲಭಾಗವೆಲ್ಲ ಮುಗಿದು ಎಡಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು.

ಎಷ್ಟು ಕಾದರೂ ಬರಲಿಲ್ಲ. ಅವ್ವ ಬಯ್ದು ಹೊರಡಿಸಿದಳು.

ಹೊಳೆಆಲೂರಿನಲ್ಲಿ ಮಾಮಾ ಕಾರಿನ ಎಡಭಾಗವನ್ನು ಗೋಡೆಗೆ ಎಷ್ಟು ಒತ್ತಿ ನಿಲ್ಲಿಸಿದನೆಂದರೆ ಎಡಗಡೆ ಕೂತಿದ್ದ ಅವ್ವನಿಗೆ ಬಾಗಿಲು ತೆರೆಯಲಾಗದೆ, ಸೀರೆ ಎತ್ತಿಕಟ್ಟಿ ಗೇರು ದಾಟಿ ಡ್ರೈವರ್ ಬಾಗಿಲಿನಿಂದ ಇಳಿಯಬೇಕಾಯಿತು!

ಮಾತುಕತೆ ಚೆನ್ನಾಗಿಯೇ ಆಯಿತು. “ವಿಚಾರ ಮಾಡಿ ಹೇಳ್ತೇವ್ರಿ” ಎಂದರು. ಮಾಮಾನ ಮುಖ ಇಳಿಯಿತು. ಕಳಿಸಲು ಆಕೆಯೂ ಹೊರಗೆ ಬಂದಿದ್ದಳು. ಅವ್ವನನ್ನು ಹತ್ತಿಸಿಕೊಳ್ಳಲು ಕಾರನ್ನು ಗೋಡೆ ಬಿಟ್ಟು ತಿರುಗಿಸಲೇಬೇಕಲ್ಲ? ಬೂದಿ ಬಣ್ಣದ ಮಗ್ಗುಲು ನೇರವಾಗಿ ಆಕೆಯ ಕಣ್ಣೆದುರಿಗೇ ಬಂತು.

“ಈ ಕಡೆ ಯಾಕ ಹಂಗ ಬಿಟ್ಟೀರಿ?”

“ಕರೆಂಟ್ ಹೋತ್ರಿ...” ಮಾಮಾನ ದನಿ ಅಳುವಂತಿತ್ತು.

ಆಕೆ ಗೋಡೆಯನ್ನು ನೋಡಿದಳು, ಕಾರನ್ನು ನೋಡಿದಳು, ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಇರ್ಲಿ ಬಿಡ್ರಿ. ನನ್ನ ತಲಿನೂ ಒಂದ್ ಕಡೆ ನೆರತೈತಿ. ನಾ ಏನ್ ಗ್ವಾಡಿಗೆ ಅಂಟಕೊಂಡ ನಿಂತೇನೇನ್ರಿ?”

ಅವರ ಮನೆಯವರ ವಿಚಾರ ಅಲ್ಲಿಯೇ ಮುಗಿಯಿತು!

ಈಗ ಮಾಮಾ ಮನೆಗೆ ಬಂದಾಗ ಒಳಗೆ ದೀಪ ಇರುತ್ತದೆ, ಹೊಲಿಗೆ ಮಷೀನಿನ ಸದ್ದಿರುತ್ತದೆ. ಕರೆಂಟು ಇದ್ದಾಗಲೆಲ್ಲ ಚಾಚಾ ಕರೆಯುತ್ತಲೇ ಇದ್ದಾನೆ, ಮಾಮಾ ಹೋಗುವುದಿಲ್ಲ.

“ಆ ಕಡೀನೂ ಕರ್ರಗ ಮಾಡಬಾರದೇನ ಮಾಮಾ?” ಎಂದು ಮೊನ್ನೆ ಕೇಳಿದೆ.

ಅವನು ಬೂದಿ ಬಣ್ಣದ ಪಟ್ಟಿಯನ್ನು ಬಟ್ಟೆಯಿಂದ ಮೆಲ್ಲಗೆ ಒರೆಸಿದ.

“ಬ್ಯಾಡೋ. ಆಕಿ ನಕ್ಕಿದ್ದು ಈ ಕಡೆ ನೋಡಿ.”