ಕಾಕಾ ಎದುರಿಗೆ ಕೂತಾಗ ಲಾಕ್ ಹಾಕುವುದು ಹೇಗೆ?

ಎದ್ದು ಹೋಗುವಾಗ ಎರಡು ಗುಂಡಿ ಒತ್ತಬೇಕಿತ್ತು. ಒತ್ತಲಿಲ್ಲ. ನನ್ನ ತಪ್ಪು ಇಷ್ಟೇ ಎಂದು ಹೇಳಿ ಮುಗಿಸಿಬಿಡುವ ಆಸೆ ನನಗೂ ಇದೆ. ಆದರೆ ಆ ತಪ್ಪಿನ ಹಿಂದೆ ಒಂದು ತಪ್ಪಿತ್ತು, ಅದರ ಹಿಂದೆ ಇನ್ನೊಂದಿತ್ತು, ಮೂರನ್ನೂ ನಾಲ್ಕು ದಿನ ಬಾಯೊಳಗೆ ಇಟ್ಟುಕೊಂಡು ಕೂತದ್ದು ನಾಲ್ಕನೆಯದು. ಅದಕ್ಕೇ ಸಮಾಧಾನವಾಗಿ ಮೊದಲಿನಿಂದ ಹೇಳುತ್ತೇನೆ.

ಕಲಬುರಗಿಯ ಸ್ಟೇಶನ್ ಬಜಾರದ ಹತ್ತಿರ ಒಂದು ರಕ್ತ ಪರೀಕ್ಷೆಯ ಲ್ಯಾಬ್ ಇದೆ. ಅಲ್ಲಿ ನನ್ನ ತಂಗಿ ಸುನೀತಾ ಕಂಪ್ಯೂಟರಿನ ಉಸ್ತುವಾರಿ. ನಾನು ಅದೇ ಲ್ಯಾಬಿನಲ್ಲಿ ಎರಡು ವರ್ಷ ಗಾಜಿನ ನಳಿಕೆ ತೊಳೆದವಳು. ಕಲಿತದ್ದು ಏಳನೇ ಇಯತ್ತೆ, ಅದೂ ಕಮಲಾಪುರದಲ್ಲಿ, ಅದೂ ಪರೀಕ್ಷೆಯ ದಿನ ಮಾತ್ರ ತಪ್ಪದೆ ಹೋಗಿ. ಕೌಂಟರಿನ ಹುಡುಗಿ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಾಗ ಸುನೀತಾ ಡಾಕ್ಟರ್ ಮೇಡಂ ಮುಂದೆ ನಿಂತು, "ನಮ್ಮ ಅಕ್ಕ ಮಾಡ್ತಾಳ್ರಿ, ನಾ ಕಲಸ್ತೀನ್ರಿ, ಏನರ ಆದ್ರ ನನ್ನನ್ನ ಕೇಳ್ರಿ" ಅಂದಳು. ಆ ಕೊನೆಯ ಮಾತು ಅವಳು ಅನ್ನಬಾರದಿತ್ತು.

ಹೊಸದಾಗಿ ಸೇರಿದವರಿಗೆ ಸುನೀತಾ ಒಂದು ವಾರ ಪಾಠ ಮಾಡುತ್ತಾಳೆ. ಗೊತ್ತಿಲ್ಲದವರು ಕಳಿಸಿದ ಲಿಂಕು ಒತ್ತಬೇಡಿ. ಯಾರದೋ ಪೆನ್‌ಡ್ರೈವ್ ತಂದು ಚುಚ್ಚಬೇಡಿ. ನಿಮ್ಮ ಪಾಸ್‌ವರ್ಡ್ ಇನ್ನೊಬ್ಬರಿಗೆ ಹೇಳಬೇಡಿ, ಇನ್ನೊಬ್ಬರದು ಹಾಕಬೇಡಿ. ಕುರ್ಚಿಯಿಂದ ಎದ್ದರೆ ಕಿಟಕಿಯ ಚಿತ್ರದ ಗುಂಡಿಯನ್ನೂ ಎಲ್ ಅಕ್ಷರವನ್ನೂ ಕೂಡಿಸಿ ಒತ್ತಿ, ಪರದೆ ಲಾಕ್ ಆಗುತ್ತದೆ. ಬೇಡಗಳನ್ನು ಕಲಿಯುವುದು ನನಗೆ ಕಷ್ಟವಾಗಲಿಲ್ಲ, ಏನೂ ಮಾಡದೆ ಇದ್ದರೆ ಸಾಕು. ಕಷ್ಟವಾದದ್ದು ಪಾಸ್‌ವರ್ಡ್. ಅದರಲ್ಲಿ ಒಂದು ದೊಡ್ಡ ಅಕ್ಷರ ಬೇಕಂತೆ, ಸಣ್ಣವು ಬೇಕಂತೆ, ಅಂಕಿ ಬೇಕಂತೆ, ಮೇಲೆ ಒಂದು ಚುಕ್ಕೆಯೋ ಗೀಟೋ ಬೇಕಂತೆ. ನನ್ನ ಮದುವೆಗೆ ಗಂಡಿನ ಕಡೆಯವರು ಇಷ್ಟು ಕೇಳಿರಲಿಲ್ಲ. ಹೇಗೋ ಒಂದು ಮಾಡಿ, ಚೀಟಿಯಲ್ಲಿ ಬರೆದು, ಕುಪ್ಪಸದೊಳಗೆ ಇಟ್ಟುಕೊಂಡೆ. ಕುಪ್ಪಸ ಒಗೆಯಲು ಹೋಯಿತು. ಸುನೀತಾ ಹೊಸದು ಮಾಡಿಕೊಟ್ಟಳು. ಅದೂ ಒಗೆಯಲು ಹೋಯಿತು. ಸುನೀತಾಳೂ ನಮ್ಮ ಜೊತೆಗೇ ಇರುವ ಬ್ರಹ್ಮಪುರದ ಬಾಡಿಗೆ ಮನೆಯಲ್ಲಿ ಬಟ್ಟೆಗಳು ಅಷ್ಟು ಸ್ವಚ್ಛವಾಗಿ ಎಂದೂ ಇರಲಿಲ್ಲ.

ಮೂರನೆಯದನ್ನು ಕೇಳಲು ನಾಚಿಕೆಯಾಯಿತು. ಸುನೀತಾ ತನ್ನದನ್ನು ಹಾಕುವಾಗ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಓದಿದ್ದು ನನಗೆ ನೆನಪಿರುವುದಿಲ್ಲ, ನೋಡಿದ್ದು ಇರುತ್ತದೆ. ನಾನು ಅಡುಗೆ ಕಲಿತದ್ದೂ ಹಾಗೆಯೇ. ಅವಳ ಬೆರಳು ಎಲ್ಲೆಲ್ಲಿ ಬೀಳುತ್ತವೆ ಎಂಬುದು ನನ್ನ ಬೆರಳಿಗೆ ಬಂದುಬಿಟ್ಟಿತ್ತು. ಒಂದು ದಿನ ಬೆಳಿಗ್ಗೆ ಅವಳು ಮೇಲಿನ ಮಹಡಿಯಲ್ಲಿದ್ದಾಗ ನಾನು ಅವಳ ಹೆಸರಿನಿಂದ ಒಳಗೆ ಹೋದೆ. ಅದು ಯಾವ ಪಾಸ್‌ವರ್ಡ್ ಎಂದು ಇಲ್ಲಿ ಬರೆದರೆ ಐದನೇ ತಪ್ಪಾಗುತ್ತದೆ.

ಹನ್ನೊಂದರ ಸುಮಾರಿಗೆ ಕಮಲಾಪುರದಿಂದ ಶಿವಣ್ಣ ಕಾಕಾ ಬಂದ. ನಮ್ಮ ಅಪ್ಪನ ಖಾಸ ತಮ್ಮ. ಕಣ್ಣಿನ ಡಾಕ್ಟರ ಹತ್ತಿರ ಬಂದವನು, "ಮಗಳು ಕಂಪ್ಯೂಟರ್ ಮುಂದ ಕುಂತಾಳಂತ, ನೋಡಿ ಹೋಗೂಣು ಅಂತ ಬಂದೆವ್ವ" ಎಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತ. ಹೊರಗಿನವರನ್ನು ಅಲ್ಲಿ ಕೂಡಿಸಬಾರದು ಎಂದು ಸುನೀತಾ ಹೇಳಿದ್ದಳು. ಆದರೆ ಕಾಕಾ ಹೊರಗಿನವನೆ? ಅವನಿಗೆ ಚಹಾ ತರಲು ಎದ್ದೆ. ಕೈ ಕಿಟಕಿಯ ಗುಂಡಿಯವರೆಗೆ ಹೋಯಿತು, ನಿಜವಾಗಿ ಹೋಯಿತು. ಆದರೆ ನಮ್ಮ ಮನೆಯಲ್ಲಿ ಒಂದು ರೀತಿ ಇದೆ. ಹಿರಿಯರು ಬಂದು ಕೂತಾಗ ಅವರೆದುರಿಗೆ ಪೆಟ್ಟಿಗೆಗೆ ಕೀಲಿ ಹಾಕಬಾರದು. ಹಾಕಿದರೆ ಅವರನ್ನು ಕಳ್ಳರೆಂದ ಹಾಗೆ. ನಮ್ಮ ಅವ್ವ ಅಂತೂ ಯಾರಾದರೂ ಬಂದರೆ ಹಾಕಿದ ಕೀಲಿಯನ್ನೂ ತೆಗೆದಿಡುತ್ತಿದ್ದಳು. ಕಾಕಾನ ಮುಖ ನೋಡಿದೆ. ಕೈ ಹಿಂದೆ ಬಂತು. ಚಹಾ ತಂದೆ. ಕಾಕಾ ಕುಡಿದ, ಹರಸಿದ, ಬಸ್ಸು ಹತ್ತಿದ.

ಆ ಹೊತ್ತಿನಲ್ಲಿ ಪರದೆಯ ಮೇಲಿದ್ದದ್ದು ಗುರುಲಿಂಗಪ್ಪನ ಸಕ್ಕರೆ ಕಾಯಿಲೆಯ ವರದಿ. ಗುರುಲಿಂಗಪ್ಪ ಕಮಲಾಪುರದ ಮದುವೆಗಳಿಗೆಲ್ಲ ಬೂಂದಿ ಮಾಡುವ ಅಡುಗೆಯವನು. ಊರಲ್ಲಿ ತಿಳಿಯಬಾರದೆಂದೇ ಬಸ್ಸು ಹತ್ತಿ ಕಲಬುರಗಿಗೆ ಬಂದು ರಕ್ತ ಕೊಟ್ಟು ಹೋಗಿದ್ದ.

ಮೂರನೇ ದಿನ ಅವನು ಲ್ಯಾಬಿಗೆ ಬಂದು ಕೌಂಟರಿನ ಮೇಲೆ ದೊಡ್ಡ ಚೀಲ ಇಟ್ಟ. ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು.

"ತಗೋರಿ. ನಿಮ್ಮ ಕಡಿಂದನ ಬಂದಾವು, ನೀವೇ ತಿನ್ರಿ."

"ಏನ್ರಿ ಇವು?" ಎಂದು ಮೇಡಂ ಹೊರಗೆ ಬಂದರು.

"ಊರ ಮಂದಿ ನನ್ನ ಮಾತಾಡಸಾಕ ಬರಾಕತ್ತಾರ್ರಿ. ಒಬ್ಬೊಬ್ಬರು ಒಂದೊಂದು ಡಜನ್ ಹಿಡ್ಕೊಂಡು. 'ಸಕ್ರಿ ಬ್ಯಾನಿ ಅಂತಲ್ಲೋ ಗುರುಲಿಂಗಾ, ಹಣ್ಣು ತಿನ್ನು, ತ್ರಾಣ ಬರ್ತದ' ಅಂತಾರ. ಯಾರು ಹೇಳಿದ್ರು ಅಂದ್ರ, ಆತ ಹೇಳಿದ, ಈತ ಹೇಳಿದ. ನಾ ನಿಮಗ ರಕ್ತ ಕೊಟ್ಟೀನ್ರಿ ಮೇಡಂ, ಡಂಗುರಾ ಸಾರಾಕ ಕೊಟ್ಟಿಲ್ಲ."

ಮೇಡಂ ಕಂಪ್ಯೂಟರ್ ತೆಗೆಸಿ ನೋಡಿದರು. ಆ ವರದಿಯನ್ನು ಯಾರು, ಎಷ್ಟು ಹೊತ್ತಿಗೆ ತೆರೆದರು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದಂತೆ. ಬರೆದದ್ದು ಸುನೀತಾಳ ಹೆಸರು. ಅವಳೂ ಕಮಲಾಪುರದವಳೇ. ಮೇಡಂ ಲೆಕ್ಕ ಅಲ್ಲಿಗೆ ಮುಗಿಯಿತು. ನನ್ನ ಹೆಸರಿನಲ್ಲಿ ಆ ದಿನ ಒಂದು ಅಕ್ಷರವೂ ಇರಲಿಲ್ಲ. ಕಂಪ್ಯೂಟರಿನ ಪ್ರಕಾರ ನಾನು ಅಂದು ಕೆಲಸಕ್ಕೇ ಬಂದಿರಲಿಲ್ಲ. ನನ್ನ ಮೇಲೆ ಸಂಶಯವೂ ಯಾರಿಗೂ ಬರಲಿಲ್ಲ. ಏಳನೇ ಇಯತ್ತೆಯವಳಿಗೆ ಇನ್ನೊಬ್ಬರ ಪಾಸ್‌ವರ್ಡ್ ಹಾಕುವಷ್ಟು ತಲೆ ಎಲ್ಲಿಂದ ಬರಬೇಕು? ಕಡಿಮೆ ಓದಿದ್ದು ನನಗೆ ಮೊದಲನೇ ಸಲ ಉಪಯೋಗಕ್ಕೆ ಬಂದದ್ದು ಹೀಗೆ.

"ಸೋಮವಾರದಿಂದ ಉಸ್ತುವಾರಿ ಬೇರೆಯವರಿಗೆ ಕೊಡ್ತೀನಿ. ನೀ ಈ ತಿಂಗಳು ಮುಗಿಸಿ ಕೆಲಸ ಬಿಡು, ಸುನೀತಾ" ಎಂದರು ಮೇಡಂ.

ಮನೆಗೆ ಬಂದು ಸುನೀತಾ ಹೊಸ್ತಿಲ ಮೇಲೆ ಕೂತಳು. "ಯಕ್ಕಾ, ಆ ವರದಿ ನಾ ತಗದಿಲ್ಲ. ನಿನ್ನಾಣಿ ತಗದಿಲ್ಲ. ನೀ ಏನರ…"

"ನನಗ ನನ್ನದ ನೆನಪಿರಂಗಿಲ್ಲ, ನಿನ್ನದು ಎಲ್ಲಿಂದ ಬರಬೇಕವ್ವ?" ಎಂದೆ. ಮೊದಲಿನ ಅರ್ಧ ನಿಜವಾಗಿತ್ತು.

"ಹಂಗಾದ್ರ ಯಾರೋ ಕದ್ದಾರ."

"ಕದ್ದವರ ಕೈಗೆ ಹುಳಾ ಬೀಳ್ಲಿ" ಎಂದು ನಾನು ಜೋರಾಗಿ ಬೈದೆ. ಬೈದ ಮೇಲೆ ಮೆಲ್ಲಗೆ ಎರಡೂ ಕೈ ತಿರುಗಿಸಿ ನೋಡಿಕೊಂಡೆ.

ಕಾಕಾನಿಗೆ ಫೋನು ಮಾಡಿದೆ. "ನಾ ಯಾರಿಗೂ ಹೇಳಿಲ್ಲವ್ವ. ಬಸ್ಸಿನ್ಯಾಗ ಬಾಜೂ ಕುಂತಾತಗ ಅಷ್ಟ ಅಂದೆ. ಆತನೂ ಯಾರಿಗೂ ಹೇಳಂಗಿಲ್ಲ ಅಂತ ಮಾತು ಕೊಟ್ಟಾನ" ಎಂದ. ನಮ್ಮೂರಲ್ಲಿ ಗುಟ್ಟು ಹೀಗೆ ಒಬ್ಬೊಬ್ಬರಿಂದ ಮಾತು ತೆಗೆದುಕೊಳ್ಳುತ್ತಲೇ ಎಲ್ಲರ ಮನೆ ಮುಟ್ಟುತ್ತದೆ.

ನಾಲ್ಕು ದಿನ ನಾನು ಹೇಳಬೇಕಾದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದೆ. ಸುನೀತಾಗೆ ಇಷ್ಟವೆಂದು ಸಜ್ಜೆ ರೊಟ್ಟಿ, ಪುಂಡಿಪಲ್ಯ ಮಾಡಿದೆ. ಅವಳ ಸೀರೆಗೆ ಇಸ್ತ್ರಿ ಹಾಕಿದೆ. ತಲೆಗೆ ಎಣ್ಣೆ ಹಚ್ಚಿದೆ. ನಂದೂರಿನ ಬೇಳೆ ಮಿಲ್ಲಿನಿಂದ ಬಂದ ನನ್ನ ಗಂಡ ಊಟಕ್ಕೆ ಕೂತು, "ಏನಿದು, ತಂಗಿ ಸೇವಾ ಭಾಳ ನಡದದ? ಏನರ ಕಳ್ಳತನ ಮಾಡೀ ಏನು?" ಎಂದು ಚೇಷ್ಟೆ ಮಾಡಿದ. ನಾನು ಅವನು ಕೇಳದೆಯೇ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಸುನೀತಾ ನೀರು ಕೊಟ್ಟು, "ಅಕ್ಕಗ ಏನೂ ಅನಬ್ಯಾಡ್ರಿ ಮಾವ. ಈಗ ಆಕಿ ಒಬ್ಬಾಕಿನ ನನ್ನ ನಂಬ್ಯಾಳ" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಶನಿವಾರ ಲ್ಯಾಬಿಗೆ ಇಬ್ಬರು ಹೊಸ ಹುಡುಗಿಯರು ಬಂದರು. ಹೋಗುವ ಮುಂಚೆ ಅವರಿಗೆ ಪಾಠ ಮಾಡು ಎಂದು ಮೇಡಂ ಸುನೀತಾಗೆ ಹೇಳಿದ್ದರು. ನಾವೆಲ್ಲ ಸುತ್ತ ನಿಂತೆವು, ಮೇಡಂ ಕುರ್ಚಿಯಲ್ಲಿ ಕೂತಿದ್ದರು. ಸುನೀತಾ ಲಿಂಕು ಹೇಳಿದಳು, ಪೆನ್‌ಡ್ರೈವ್ ಹೇಳಿದಳು, ಪಾಸ್‌ವರ್ಡಿಗೆ ಬಂದು ನಿಂತಳು. "ನನ್ನ ಪಾಸ್‌ವರ್ಡ್ ನಾ ಸರಿಯಾಗಿ ಕಾಯಲಿಲ್ಲ. ಅದಕ್ಕ ಒಬ್ಬ ಬಡವನ ಗುಟ್ಟು ಊರೆಲ್ಲಾ ಆತು. ತಪ್ಪು ನನ್ನದು. ನೀವು ಹಂಗ ಮಾಡಬ್ಯಾಡ್ರಿ" ಎಂದಳು.

"ಆಕಿದಲ್ರಿ ಮೇಡಂ!" ಎಂದು ಯಾರೋ ಕೂಗಿದರು. ನೋಡಿದರೆ ನಾನೇ.

ಒಗೆದುಹೋದ ಚೀಟಿ, ಕದ್ದು ಕಲಿತ ಬೆರಳು, ಕಾಕಾ, ಚಹಾ, ಎಲ್ಲ ಹೇಳಿದೆ. ನಂಬಿಕೆ ಬರಲೆಂದು ಮೇಡಂ ನನ್ನನ್ನು ಕಂಪ್ಯೂಟರ್ ಮುಂದೆ ಕೂಡಿಸಿದರು. ಕಣ್ಣು ಮುಚ್ಚಿಕೊಂಡು ಸುನೀತಾಳ ಪಾಸ್‌ವರ್ಡ್ ಹಾಕಿದೆ. ಕಂಪ್ಯೂಟರಿನ ಬಾಗಿಲು ತೆರೆಯಿತು. ಹೊಸ ಹುಡುಗಿಯರು ಚಪ್ಪಾಳೆ ಹೊಡೆಯಲು ಹೋಗಿ, ಮೇಡಂ ಮುಖ ನೋಡಿ ಕೈ ಇಳಿಸಿದರು. ಉಸ್ತುವಾರಿ ಸುನೀತಾಳಲ್ಲೇ ಉಳಿಯಿತು. ನಾನು ಮತ್ತೆ ನಳಿಕೆ ತೊಳೆಯುವ ಕಡೆಗೆ ಹೋದೆ. ಅಲ್ಲಿ ಪಾಸ್‌ವರ್ಡ್ ಇಲ್ಲ, ಸೋಪು ಸಾಕು. ಮರುದಿನ ಕಮಲಾಪುರಕ್ಕೆ ಹೋಗಿ ಗುರುಲಿಂಗಪ್ಪನ ಮುಂದೆಯೂ ತಲೆ ತಗ್ಗಿಸಬೇಕೆಂದು ಮೇಡಂ ಹೇಳಿದರು. ಹೋದೆ. ಹೊಟ್ಟೆ ತುಂಬ ಬೈದ ಮೇಲೆ ಅವನೇ ಅಂದ: "ಮದುವಿ ಮಂದಿ ನನ್ನ ಬಿಡ್ತಾರ ಅಂತ ಅಂಜಿದ್ದೆ. ಅವ್ರು ಏನಂತಾರ ಗೊತ್ತದ ಏನು? 'ರುಚಿ ನೋಡ್ತೀನಂತ ಈತ ಇನ್ನ ಅರ್ಧ ಬುಟ್ಟಿ ಬೂಂದಿ ತಿನ್ನಂಗಿಲ್ಲ, ಈತನ್ನ ಕರೀರಿ' ಅಂತಾರ."

ಆ ಸಂಜೆ ಸುನೀತಾ ಕಲಬುರಗಿ ಬಸ್ ನಿಲ್ದಾಣಕ್ಕೆ ಬಂದಿದ್ದಳು. ಇಬ್ಬರೂ ಶೇರ್ ಆಟೋ ಹತ್ತಿದೆವು. ಸ್ವಲ್ಪ ದೂರ ಹೋದ ಮೇಲೆ ಅವಳು ಹೊರಗೆ ನೋಡುತ್ತಲೇ ಕೇಳಿದಳು: "ಮೇಡಂಗ ಹೇಳಿದಿ. ಗುರುಲಿಂಗಪ್ಪಗ ಹೇಳಿದಿ. ನನಗ?"

ನಿಜ. ಅವಳಿಗೆ ಹೇಳಿರಲಿಲ್ಲ. ದೊಡ್ಡವರು ಸಣ್ಣವರಿಗೆ ಆ ಮಾತು ಅಂದದ್ದನ್ನು ನಮ್ಮ ಮನೆಯಲ್ಲಿ ನಾನು ಕೇಳಿಲ್ಲ. ಊಟಕ್ಕೆ ಕರೆಯುತ್ತಾರೆ, ತಟ್ಟೆಗೆ ತುಪ್ಪ ಸುರಿಯುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಸೆರಗು ಬಾಯಿಗೆ ಹಿಡಿದು, "ತಪ್ಪಾತು" ಎಂದು ಗೊಣಗಿದೆ.

"ಇರ್ಲಿ ಬಿಡ್ರಿ ಯಕ್ಕಾ" ಎಂದ ಆಟೋದವನು. ಅವನು ತಗ್ಗಿನಲ್ಲಿ ಗಾಡಿ ಎತ್ತಿಹಾಕಿದ್ದಕ್ಕೆ ನಾನೇಕೆ ಕ್ಷಮೆ ಕೇಳುತ್ತಿದ್ದೇನೋ ಎಂದು ಪಾಪ ಅವನಿಗೂ ಗಾಬರಿ.

"ಆತಗ ಕೇಳಿಸ್ಯಾದ. ನನಗ ಕೇಳಿಸಿಲ್ಲ" ಎಂದಳು ನನ್ನ ತಂಗಿ.

ಎದುರಿನ ಸೀಟಿನಲ್ಲಿ ಮೂವರು ಕೂತಿದ್ದರು. ಮೂವರೂ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಸೆರಗು ಬಿಟ್ಟೆ.

"ತಪ್ಪಾತು ಸುನೀತಾ! ನಿನ್ನ ಹೆಸರು ನಾ ಕೆಡಿಸಿದೆ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಂತೆ. ತಪ್ಪಾತವ್ವ, ನನ್ನದು ತಪ್ಪಾತು!"