ಹೆಲ್ಲಾ ಧಕ್ಕೆಯಲ್ಲಿ ನಿಲ್ಲದ ಹಡಗಿನ ಧ್ವನಿಯವರಿಗೆ

ಬಿಳಿ ಪ್ರವಾಸಿ ಹಡಗಿನ ಮೇಲ್ಮಹಡಿಯ ಧ್ವನಿವರ್ಧಕದಲ್ಲಿ ವಾಸವಾಗಿರುವ, ಎಂಟು ಭಾಷೆ ಬಲ್ಲ, ಯಾವ ಮಂಜಿಗೂ ಗಂಟಲು ಕಟ್ಟದ ಮಾನ್ಯ ಧ್ವನಿಯವರೇ, ಬೆಟ್ಟಗಳ ನಡುವೆ ಚಾಚಿದ ಫ್ಯೋರ್ಡ್ ಎಂಬ ಕಡಲ ಕವಲಿನ ದಡದಲ್ಲಿರುವ ಹೆಲ್ಲಾ ಎಂಬ ಒಂಟಿ ಮನೆಯಲ್ಲಿ ಮೇಕೆ ಕಾಯುವ ಆಳು ವೈದಾಸ್ ಮಾಡುವ ಭಕ್ತಿಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ದಿನವೂ ಬೆಟ್ಟ ಮಾರ್ದನಿಸುವಷ್ಟು ಜೋರಾಗಿ ಕೇಳುತ್ತಿದ್ದೇನೆ. ನಾವು ಕ್ಷೇಮವಾಗಿಲ್ಲ, ಅದಕ್ಕೇ ಈ ಪತ್ರ.

ಇದನ್ನು ನಿಜಕ್ಕೂ ತಮ್ಮ ಕಂಪನಿಯ ದೊಡ್ಡವರಿಗೆ ಬರೆಯಬೇಕಿತ್ತು. ಫೋನ್ ಮಾಡಿದೆ. ಅಲ್ಲಿಯೂ ತಾವೇ ಎತ್ತಿದಿರಿ. ಟಿಕೆಟ್ ಬೇಕಾದರೆ ಒಂದು ಒತ್ತಿ, ಕಡಲುನಾಯಿ ನೋಡಬೇಕಾದರೆ ಎರಡು ಒತ್ತಿ ಎಂದು ಜೇನಿನಂಥ ದನಿಯಲ್ಲಿ ಹೇಳಿದಿರಿ. ಹಡಗು ನಿಲ್ಲಬೇಕಾದರೆ ಏನು ಒತ್ತಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ನಾನು ಎಲ್ಲವನ್ನೂ ಒಂದೊಂದಾಗಿ ಒತ್ತಿ ನೋಡಿ, ಕೊನೆಗೆ ತಮ್ಮ ಕಂಪನಿಯ ಟೋಪಿಯೊಂದನ್ನು ಕೊಂಡುಕೊಳ್ಳುವವರೆಗೂ ಹೋಗಿ, ಹೇಗೋ ತಪ್ಪಿಸಿಕೊಂಡೆ.

ನಾನು ಲಿಥುವೇನಿಯಾದವನು. ನಮ್ಮೂರಲ್ಲಿ ಬೆಟ್ಟ ಎಂದರೆ ಗೊಬ್ಬರದ ರಾಶಿ. ಇಲ್ಲಿಗೆ ಬಂದ ಮೇಲೆ ಎದುರಿಗೆ ನೀರು, ಬೆನ್ನಿಗೆ ಬಂಡೆ, ಎಲ್ಲಿಗೂ ರಸ್ತೆ ಇಲ್ಲ. ಯಜಮಾನಿ ಸಿನ್ನೋವೆ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೇಕೆಗಳನ್ನು ಕೊಂಬು ತಡವಿ ಗುರುತಿಸುತ್ತಾರೆ, ನನ್ನನ್ನು ಬೈದು, ನಾನು ಎದುರುತ್ತರ ಕೊಟ್ಟಾಗ ಗುರುತಿಸುತ್ತಾರೆ. ಮನೆಯ ದೋಣಿಯನ್ನು ಮಾರ್ಚ್ ತಿಂಗಳ ಹಿಮಕುಸಿತ ಕೊಂಡೊಯ್ದಿತು. ಚೀಸ್ ಒಯ್ಯುವ ದೋಣಿ ತಿಂಗಳಿಗೊಮ್ಮೆ ಬರುತ್ತದೆ. ಆಸ್ಪತ್ರೆಯವರು ಬಹಳ ಕಾಯಿಸಿ ಆಪರೇಶನ್ನಿಗೆ ಒಂದು ದಿನ ಕೊಟ್ಟರು, ಅದು ಚೀಸಿನ ದಿನಕ್ಕೆ ಹೊಂದಲಿಲ್ಲ. ಹಾಗಾಗಿ ತಮ್ಮ ಹಡಗೇ ಗತಿಯಾಯಿತು.

ಈ ನೀರಿನಲ್ಲಿ ಅಜ್ಜಿಯ ಅಜ್ಜಿಯ ಕಾಲದಿಂದ ಒಂದು ಪದ್ಧತಿ ಇದೆ. ಧಕ್ಕೆಯ ಕಂಬಕ್ಕೆ ಬಣ್ಣದ ಬಟ್ಟೆ ಕಟ್ಟಿದರೆ, ಹೋಗುವ ಹಡಗು ನಿಂತು ಜನರನ್ನು ಹತ್ತಿಸಿಕೊಳ್ಳಬೇಕು. ಅಂದು ಅಜ್ಜಿ ಚರ್ಚಿಗೆ ಹೋಗುವ ಕೋಟು ತೊಟ್ಟು, ಚೀಲ ಹಿಡಿದು ಕುಳಿತರು. ನಾನು ಕಿತ್ತಳೆ ಬಟ್ಟೆ ಕಟ್ಟಿದೆ. ತಮ್ಮ ಹಡಗು ಬಂತು, ನಿಧಾನವಾಯಿತು, ನಮ್ಮ ಕಡೆಗೇ ತಿರುಗಿತು. ಸಿಳ್ಳೆ ಕೇಳಿದೊಡನೆ ಅಜ್ಜಿ ಎದ್ದು ಧಕ್ಕೆಯ ತುದಿಗೆ ನಡೆದರು. ಆಗ ತಾವು ಬಾಯಿ ತೆರೆದಿರಿ. ಇಲ್ಲಿನ ಮುಗ್ಧ ಜನರು ಅತಿಥಿಗಳನ್ನು ಹೀಗೆ ಬಾವುಟ ಹಾರಿಸಿ ಸ್ವಾಗತಿಸುತ್ತಾರೆ ಎಂದು ಎಂಟೂ ಭಾಷೆಗಳಲ್ಲಿ ವಿವರಿಸಿದಿರಿ. ಹಡಗಿನ ಒಂದು ಬದಿ ವಾಲುವಷ್ಟು ಜನ ನಮ್ಮ ಕಡೆ ಸೇರಿ ಫೋಟೋ ತೆಗೆದರು. ಹಡಗು ಮಾತ್ರ ತಿರುಗಿ ಹೊರಟಿತು.

"ಹತ್ತೋ ಹಲಗೆ ಇಳಿಸಿದ್ರಾ?" ಎಂದರು ಅಜ್ಜಿ.

"ಇಲ್ಲ ಅಜ್ಜಿ. ಕೈ ಬೀಸ್ತಿದ್ದಾರೆ."

"ಸರಿ, ನಾವೂ ಬೀಸಾಣ. ಮರ್ಯಾದೆ ಬಿಡಬಾರ್ದು," ಎಂದು ಅವರು ಬಂಡೆಯ ಕಡೆಗೆ ತಿರುಗಿ ಕೈ ಬೀಸಿದರು.

ಮಾನ್ಯರೇ, ಆ ಬಂಡೆ ಕೂಡ ತಮ್ಮ ಹಡಗಿಗಿಂತ ಹೆಚ್ಚು ಹೊತ್ತು ನಿಂತು ಅವರ ಮರ್ಯಾದೆ ಕಾಯಿತು. ಆಸ್ಪತ್ರೆಯವರು ಆ ದಿನವನ್ನು ಬೇರೆ ಯಾರದೋ ಕಣ್ಣಿಗೆ ಕೊಟ್ಟರು. ಲೋಕದ ಮೂಲೆಮೂಲೆಯಿಂದ ನೋಡಲೆಂದೇ ದುಡ್ಡು ಕೊಟ್ಟು ಬಂದ ಅಷ್ಟೊಂದು ಕಣ್ಣುಗಳು ಒಂದು ಮುದುಕಿಯ ಕಣ್ಣನ್ನು ದಾಟಿಕೊಂಡು ಹೋದದ್ದನ್ನು ನಾನು ದೂರು ಎಂದು ಹೇಳುತ್ತಿಲ್ಲ, ತಮ್ಮ ಸೇವೆಯ ಹಿರಿಮೆ ಎಂದೇ ಹೇಳುತ್ತಿದ್ದೇನೆ.

ಆಸ್ಪತ್ರೆಯವರು ಕೊಟ್ಟ ಎರಡನೆಯ ದಿನ ಬಂದಾಗ ನಾನು ಬಟ್ಟೆ ಕಟ್ಟಲಿಲ್ಲ. ಧಕ್ಕೆಯ ಹಲಗೆಗಳ ಮೇಲೆ ಉಪ್ಪು ಚೆಲ್ಲಿದೆ. ಮೇಕೆಗಳೆಲ್ಲ ಬೆಟ್ಟದಿಂದ ಉರುಳಿದಂತೆ ಇಳಿದು ಬಂದು ನೆಕ್ಕತೊಡಗಿದವು. ಮನುಷ್ಯರಿಗೆ ನಿಲ್ಲದ ತಮ್ಮ ಹಡಗು ಮೇಕೆಗಳಿಗೆ ನಿಂತಿತು, ಹಲಗೆ ಇಳಿಯಿತು, ಪ್ರವಾಸಿಗಳು ಅಪ್ಪಿಕೊಳ್ಳಲು ಓಡಿಬಂದರು. ಆ ಗದ್ದಲದಲ್ಲಿ ಅಜ್ಜಿ ಒಂದು ಮೇಕೆಯ ಕೊಂಬು ಹಿಡಿದು ಹಲಗೆಯವರೆಗೆ ನಡೆದು, ಕೊಂಬು ಬಿಟ್ಟು ಹಡಗು ಹತ್ತಿ, ಮುಂದಿನ ಸಾಲಿನಲ್ಲಿ ಕುಳಿತರು. ಟಿಕೆಟ್ ಕೇಳಿದ ಸಮವಸ್ತ್ರದ ಹುಡುಗಿಗೆ ಅವರು ಹೇಳಿದ್ದು ದಡದಲ್ಲಿದ್ದ ನನಗೂ ಕೇಳಿಸಿತು.

"ನಿಮ್ ಜಾಹೀರಾತಲ್ಲಿ ಇರೋದು ನನ್ ಮನೆ ಕಣಮ್ಮ. ನಾನ್ ಯಾವತ್ತಾದ್ರೂ ಟಿಕೆಟ್ ಕೇಳಿದ್ನಾ?"

ಆ ಹುಡುಗಿ ಸುಮ್ಮನೆ ಒಂದು ಕಾಫಿ ತಂದುಕೊಟ್ಟಳಂತೆ. ತಮ್ಮ ಹಡಗಿನಲ್ಲಿ ಧ್ವನಿಯಿಲ್ಲದವರು ಒಳ್ಳೆಯವರು ಎಂದು ಇದರಿಂದ ತಿಳಿಯಿತು.

ಒಂದು ಕಣ್ಣಿನ ಆಪರೇಶನ್ ಚೆನ್ನಾಗಿ ಆಯಿತು. ಆದರೆ ಅಂದಿನ ಗದ್ದಲದಲ್ಲಿ ನಮ್ಮ ಮೇಕೆಯೊಂದು ಯಾರದೋ ರೇಷ್ಮೆಯ ಶಾಲನ್ನು ಅರ್ಧ ತಿಂದದ್ದರಿಂದ, ಸುರಕ್ಷತೆಯ ದೃಷ್ಟಿಯಿಂದ ಇನ್ನು ಮುಂದೆ ಹಡಗು ಹೆಲ್ಲಾದ ಹತ್ತಿರ ಸುಳಿಯುವುದಿಲ್ಲ ಎಂದು ತಾವೇ ಫೋನಿನಲ್ಲಿ ಘೋಷಿಸಿದಿರಿ. ಆಡಿನ ಸುರಕ್ಷತೆಯೋ ಶಾಲಿನದೋ ತಿಳಿಸಲಿಲ್ಲ. ಅಜ್ಜಿ ಈಗ ಪೇಟೆಯಲ್ಲಿ ತಂಗಿಯ ಮಗಳು ಟೂರುನ್ ಮನೆಯ ಸೋಫಾದ ಮೇಲೆ ಸಿಕ್ಕಿಕೊಂಡಿದ್ದಾರೆ. ಚೀಸಿನ ದೋಣಿಗೆ ಇನ್ನೂ ಮೂರು ವಾರ ಇದೆ. ಇಲ್ಲಿ ನಾನೊಬ್ಬನೇ. ಕುಂಟುತ್ತಿರುವ ಒಂದು ಗಬ್ಬದ ಮೇಕೆಗೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ಫೋನಿನಲ್ಲಿ ಅಜ್ಜಿಯನ್ನು ಕೇಳಿದರೆ, ನೋಡದೆ ಹೇಳೋದು ಹೇಗೆ ಎನ್ನುತ್ತಾರೆ.

ಆದ್ದರಿಂದ ಕೆಲವು ವಿನಂತಿಗಳು. ಜಲಪಾತ ಬಂದಾಗಲೆಲ್ಲ ತಮ್ಮ ಹಡಗು ಎಂಜಿನ್ ಆರಿಸಿ ಭಕ್ತಿಯಿಂದ ನಿಲ್ಲುವುದನ್ನು ಕಂಡಿದ್ದೇನೆ. ಆದ್ದರಿಂದ ಸಿನ್ನೋವೆ ಅಜ್ಜಿಯನ್ನು ದಯವಿಟ್ಟು ಜಲಪಾತ ಎಂದು ಘೋಷಿಸಬೇಕು. ಅವರು ಬಂಡೆಗೆ ಅಂಟಿಕೊಂಡು ವಾಸಿಸುತ್ತಾರೆ, ಸದ್ದು ಮಾಡುತ್ತಾರೆ, ಬೇಸಿಗೆಯಲ್ಲೂ ಬತ್ತುವುದಿಲ್ಲ. ಅದು ಆಗದಿದ್ದರೆ ತಾವೇ ಧ್ವನಿವರ್ಧಕದಿಂದ ಇಳಿದು ಬಂದು ಸಂಜೆಯ ಹಾಲು ಕರೆದುಕೊಡಬೇಕು. ಎಂಟು ಭಾಷೆಯಲ್ಲಿ ಯಾವುದಾದರೂ ಒಂದು ಆ ಕುಂಟು ಮೇಕೆಗೆ ಅರ್ಥವಾದೀತು.

ನಿನ್ನೆ ಅಜ್ಜಿ ಟಿಕೆಟ್ ಕೊಂಡು, ಪ್ರವಾಸಿಯಾಗಿ, ತಮ್ಮ ಹಡಗು ಹತ್ತಿ ಸ್ವಂತ ಮನೆಯನ್ನೇ ನೋಡಲು ಬಂದರು. ನಾನು ಆ ಮೇಕೆಯನ್ನು ಹೊತ್ತು ಧಕ್ಕೆಯ ತುದಿಯಲ್ಲಿ ನಿಂತೆ. ಹಡಗು ದೂರದಲ್ಲೇ ಹಾದುಹೋಗುತ್ತಿತ್ತು. ಹಡಗಿನ ಅಂಚಿನ ಕಂಬಿ ಹಿಡಿದು ಬಾಗಿ, ಹೊಸ ಕಣ್ಣಿನಿಂದ ಎಲ್ಲವನ್ನೂ ಒಂದೇ ಉಸಿರಿಗೆ ನೋಡಿ, ಅವರು ಕೂಗತೊಡಗಿದರು.

"ಮಗಾ, ಸೂರಿನ್ ಮೇಲೆ ಹುಲ್ಲು ಮೊಳಕಾಲುದ್ದ ಬೆಳ್ದಿದೆ, ನಿಂಗೇನ್ ಕಣ್ ಕಾಣಲ್ವಾ? ಆ ಮೇಕೆ ಕಾಲು ಎತ್ತಿ ತೋರ್ಸು. ಗೊರಸಲ್ಲಿ ಕಲ್ಲ್ ಸಿಕ್ಕಿದೆ, ಅಷ್ಟೇ. ಅದನ್ನ ತೆಗ್ದು, ಆಮೇಲೆ..."

ಆಮೇಲೆ ಏನು ಎಂಬುದು ನನಗೆ ಗೊತ್ತಿಲ್ಲ. ಅಷ್ಟರಲ್ಲಿ ತಾವು, ಈಗ ಎಲ್ಲರೂ ಒಂದು ನಿಮಿಷ ಈ ಕಣಿವೆಯ ಸಾವಿರ ವರ್ಷದ ಮೌನವನ್ನು ಆಲಿಸಿರಿ ಎಂದು ಎಂಟು ಭಾಷೆಗಳಲ್ಲಿ ಹೇಳಲು ಶುರುಮಾಡಿದಿರಿ. ತಾವು ಮುಗಿಸುವ ಹೊತ್ತಿಗೆ ಹಡಗು ತಿರುವು ದಾಟಿತ್ತು.

ಕಲ್ಲನ್ನು ತೆಗೆದಿದ್ದೇನೆ. ಫೋನ್ ಮಾಡಿದರೆ ಅಜ್ಜಿ, ಕಲ್ಲು ತೆಗೆದ ಗೊರಸನ್ನು ನೋಡದೆ ಮುಂದಿನದು ಹೇಳೋದು ಹೇಗೆ ಎನ್ನುತ್ತಾರೆ. ಮುಂದಿನದಕ್ಕೆ ಕಾಯುತ್ತಿದ್ದೇನೆ.

ತಮ್ಮ ವಿಶ್ವಾಸಿ, ತಮ್ಮ ಮೌನಕ್ಕಾಗಿ ಹಂಬಲಿಸುವ,
ವೈದಾಸ್
ಹೆಲ್ಲಾ ಧಕ್ಕೆ

ತಾ.ಕ.: ಅಜ್ಜಿಯ ಇನ್ನೊಂದು ಕಣ್ಣಿನ ಆಪರೇಶನ್ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ತಮ್ಮ ಸೀಸನ್ ಮುಗಿದು ಹಡಗೇ ಇರುವುದಿಲ್ಲವಂತೆ. ತಾವು ಇದಕ್ಕಾಗಿ ನೊಂದುಕೊಳ್ಳಬಾರದು. ನಿಲ್ಲದ ಹಡಗಿಗೂ ಇಲ್ಲದ ಹಡಗಿಗೂ ನಮ್ಮ ಧಕ್ಕೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲ, ಎರಡನೆಯದು ಸ್ವಲ್ಪ ಕಡಿಮೆ ಮಾತಾಡುತ್ತದೆ ಎಂಬುದನ್ನು ಬಿಟ್ಟರೆ.